ಒಂದು ಸಲ ಫೇಲಾದರೂ ಫೇಲೇ

ಶರಾನ್‌ಗೆ ವಯಸ್ಸು 25, ಸಂಬಳ 1000. ಅವಳ ಮೇಲಿನವನು ಸ್ಯಾಮ್. ಸ್ಯಾಮ್‌ಗೆ ಮೇಲಿನವನು ಬಿಲ್. ಬಿಲ್‌ಗೆ ಮೇಲಿನವರು ಯಾರಪ್ಪಾ ಅಂತ ನೋಡಿದರೆ ಮತ್ತೆ ಅದೇ ಶರಾನ್. ಇಂಥ ಆಫೀಸು ಎಲ್ಲೂ ಇರಲಿಕ್ಕಿಲ್ಲ ಅನ್ನಬೇಕು, ಆದರೆ ನಾನು ಕಂಡ ಕೆಲವು ಆಫೀಸುಗಳನ್ನು ನೆನೆದರೆ ಹಾಗೆ ಖಂಡಿತವಾಗಿ ಹೇಳಲು ಬಾಯಿ ಬರುವುದಿಲ್ಲ. ಈ ಮೂವರು ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರಿನ ಸೋರ್ಸ್ ಕೋಡಿನ ಜೊತೆಗೇ ಬರುವ ಟೆಸ್ಟ್ ಫೈಲುಗಳಲ್ಲಿ. ಮೈಕೇಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಅದು. ಆ ಕಾಲದ ಹುಡುಗರು ತುಂಬಿಟ್ಟುಹೋದ ಹೆಸರುಗಳು ಇವತ್ತಿಗೂ ಹಾಗೇ ಇವೆ. ಅಲ್ಲೇ ಹವ್ಯಾಸಗಳ ಒಂದು ಟೇಬಲ್ ಇದೆ. 'ಪೋಸ್ಟ್‌ಹ್ಯಾಕಿಂಗ್' ಅನ್ನುವ ಹವ್ಯಾಸಕ್ಕೆ ಬೇಕಾದ ಸಲಕರಣೆ ಆಡ್ವಿಲ್ ಎಂಬ ನೋವಿನ ಮಾತ್ರೆ ಮತ್ತು ಪೀಟ್ಸ್ ಕಾಫಿ ಎಂದು ಬರೆದಿದೆ. ಈ ಕೆಲಸ ಮಾಡಿದವರಿಗೆ ಅದು ತಮಾಷೆಯ ಹಾಗೆ ಕಾಣುವುದಿಲ್ಲ.

ಶರಾನ್‌ಳ ವಾರ್ಷಿಕ ಸಂಬಳ 12000 ಎಂದು ತೋರಿಸುವ ವ್ಯೂಗೆ ಅವರಿಟ್ಟ ಹೆಸರು 'ಟಾಯ್‌ಎಂಪ್'. ಚನ್ನಪಟ್ಟಣದವನಾದ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಹೆಸರು ನೋಡಿ ಒಬ್ಬನೇ ನಕ್ಕಿದ್ದೆ. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ನನ್ನ ಸೋದರಮಾವ ಲೇತಿನ ಮುಂದೆ ಕೂತು ಆಲೆಮರದ ತುಂಡಿಗೆ ಅರಗು ಹಚ್ಚಿ, ತಾಳೆಗರಿ ಒತ್ತಿ ಹೊಳಪು ಕೊಡುತ್ತಿದ್ದ. ನಿಜವಾದ ಟಾಯ್ ಎಂಪ್ಲಾಯಿ ಅವನೇ.

"ಏನ್ಲಾ ಅಳಿಮಯ್ಯ, ದಿನಾ ಬೆಂಗ್ಳೂರ್ಗೆ ಓಯ್ತೀಯಲ್ಲ, ಅಲ್ಲೇನ್ ಮಾಡ್ತೀಯ?" ಎಂದು ಒಂದು ಭಾನುವಾರ ಕೇಳಿದ.

"ಬೇರೆಯೋರು ಬರ್ದಿರೋದು ಸರಿಯಾಗೈತಾ ಅಂತ ನೋಡೋದು ಮಾವ."

"ಬರ್ದೋನ್ಗೆ ಗೊತ್ತಾಗಕ್ಕಿಲ್ವ?"

ಆ ಪ್ರಶ್ನೆಗೆ ನಮ್ಮ ಉದ್ಯಮದಲ್ಲಿ ಇವತ್ತಿಗೂ ನೆಟ್ಟಗೆ ಉತ್ತರ ಕೊಟ್ಟವರಿಲ್ಲ.

ನಾನು ಸೇರಿದ ಕಂಪನಿ ಪೋಸ್ಟ್‌ಗ್ರೆಸ್ ತೆಗೆದುಕೊಂಡು, ಅದಕ್ಕೆ ತನ್ನದೇ ಕೆಲವು ಪ್ಯಾಚು ಹಾಕಿ ಗಿರಾಕಿಗಳಿಗೆ ಕೊಡುತ್ತಿತ್ತು. ಪೋಸ್ಟ್‌ಗ್ರೆಸ್ ಮುಕ್ತ ತಂತ್ರಾಂಶ, ಯಾರು ಬೇಕಾದರೂ ಹೀಗೆ ಮಾಡಬಹುದು. ಮಾಡುವುದು ಸುಲಭ, ಕಷ್ಟ ಬರುವುದು ಆಮೇಲೆ. ಮೂಲದವರು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಹೀಗೆ ಮೂರು ತಿಂಗಳಿಗೊಮ್ಮೆ ದೋಷ ತಿದ್ದಿದ ಹೊಸ ಬಿಡುಗಡೆ ಹೊರಡಿಸುತ್ತಾರೆ. ಒಂದೊಂದು ಆವೃತ್ತಿಯನ್ನೂ 5 ವರ್ಷ ನೋಡಿಕೊಳ್ಳುತ್ತಾರೆ. ಅಂದರೆ ಯಾವ ಹೊತ್ತಿನಲ್ಲೂ ಕಡಿಮೆಯೆಂದರೂ ಐದು ಆವೃತ್ತಿ ಜೀವಂತ. ಪ್ರತಿ ಸಲವೂ ಅವರ ತಿದ್ದುಪಡಿಯನ್ನು ನಮ್ಮ ಪ್ಯಾಚುಗಳ ಜೊತೆ ಸೇರಿಸಬೇಕು, ಎಲ್ಲಿ ಗುದ್ದಾಡುತ್ತವೋ ಅಲ್ಲಿ ಬಿಡಿಸಬೇಕು, ಮತ್ತೆ ಎಲ್ಲ ಟೆಸ್ಟುಗಳನ್ನೂ ಓಡಿಸಬೇಕು. ಹೊಸ ಫೀಚರ್ ಬರೆಯುವವರು ಸಮ್ಮೇಳನದಲ್ಲಿ ಭಾಷಣ ಮಾಡುತ್ತಾರೆ. ನಮ್ಮದು ಹಳೆ ಮನೆ ಸೋರದ ಹಾಗೆ ಕಾಯುವ ಕೆಲಸ, ಅದಕ್ಕೆ ಯಾರೂ ಹಾರ ಹಾಕುವುದಿಲ್ಲ. ಹಾಕಲಿ ಎಂಬ ಆಸೆಯೂ ನನಗಿರಲಿಲ್ಲ.

ಟೆಸ್ಟಿನ ಕ್ರಮ ತೀರಾ ಸರಳ. ಒಂದು ಫೋಲ್ಡರಿನಲ್ಲಿ ಸರ್ವರಿಗೆ ಕೇಳುವ ಪ್ರಶ್ನೆಗಳ ಫೈಲು, ಇನ್ನೊಂದರಲ್ಲಿ ಬರಬೇಕಾದ ಉತ್ತರದ ಫೈಲು. 'ಮೇಕ್ ಚೆಕ್' ಅಂತ ಟೈಪು ಮಾಡಿದರೆ ಹೊಸದಾಗಿ ಒಂದು ಸರ್ವರ್ ಎದ್ದು, ಇನ್ನೂರಕ್ಕೂ ಹೆಚ್ಚು ಫೈಲುಗಳ ಪ್ರಶ್ನೆ ಕೇಳಿಸಿಕೊಂಡು, ಬಂದ ಉತ್ತರವನ್ನೂ ಬರಬೇಕಾದ ಉತ್ತರವನ್ನೂ ಅಕ್ಷರ ಅಕ್ಷರ ಹೋಲಿಸುತ್ತದೆ. ಒಂದು ಖಾಲಿ ಜಾಗ ಹೆಚ್ಚಿದ್ದರೂ ಫೇಲು. ಹೀಗೆ ಫೇಲಾದಾಗ ತಪ್ಪಿಸಿಕೊಳ್ಳಲು ಎರಡು ಸುಲಭದ ದಾರಿ ಇವೆ. ಬಂದ ಉತ್ತರವನ್ನೇ ಕಾಪಿ ಮಾಡಿ ಬರಬೇಕಾದ ಉತ್ತರದ ಮೇಲೆ ಹಾಕಿಬಿಡುವುದು ಒಂದು. ಏನೂ ಮಾಡದೆ ಇನ್ನೊಂದು ಸಲ ಓಡಿಸುವುದು ಎರಡನೆಯದು. ಮೊದಲನೆಯದನ್ನು ಮಾಡಿದರೆ ಯಾರಾದರೂ ಒಬ್ಬರಿಗೆ ಕಾಣುತ್ತದೆ, ಫೈಲು ಬದಲಾಗಿರುತ್ತದಲ್ಲ. ಎರಡನೆಯದಕ್ಕೆ ಸಾಕ್ಷಿಯೇ ಇರುವುದಿಲ್ಲ. ಮತ್ತೆ ಓಡಿಸಿದೆ, ಪಾಸಾಯಿತು, ಮನೆಗೆ ಹೋದೆ. ಮುಗಿಯಿತು.

ನಮ್ಮ ಟೀಮಿನಲ್ಲಿ ಹಿರಿಯರೊಬ್ಬರಿದ್ದರು. ಕನಕಪುರದ ಕಡೆಯವರು, ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಜೋರು ಮಾತಿಲ್ಲ, ಆದರೆ ಈ ಎರಡನೇ ದಾರಿ ಹಿಡಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಪಾಸಾಗಿದ್ದು ಲಕ್ಷ ಸಲ ಇರ್ಲಪ್ಪ, ಒಂದ್ಸಲ ಫೇಲಾದ್ರೂ ಫೇಲೇ. ಯಾಕೆ ಅಂತ ಹೇಳಿ, ಆಮೇಲೆ ಓಡ್ಸಿ" ಎನ್ನುವರು. ಅವರು ಬರುವ ಮುಂಚೆ, ಟೆಸ್ಟು ಮುಗಿದ ಕೂಡಲೇ ಸರ್ವರಿನ ಡೇಟಾ ಫೋಲ್ಡರನ್ನು ಅಳಿಸಿಹಾಕುವ ಸ್ಕ್ರಿಪ್ಟು ಇತ್ತು, ಜಾಗ ಉಳಿಯಲಿ ಅಂತ. ಅವರು ಬಂದು ಮಾಡಿದ ಮೊದಲ ಕೆಲಸ, ಫೇಲಾದರೆ ಫೋಲ್ಡರನ್ನು ಮುಟ್ಟದೆ ತಾರೀಖು ಹಾಕಿ ಎತ್ತಿಡುವ ಹಾಗೆ ಆ ಸ್ಕ್ರಿಪ್ಟನ್ನು ತಿದ್ದಿದ್ದು.

ನಿಜ ಹೇಳಬೇಕೆಂದರೆ, ಆಗೊಮ್ಮೆ ಈಗೊಮ್ಮೆ ಫೇಲಾಗುವ ಟೆಸ್ಟುಗಳಲ್ಲಿ ಬಹುಪಾಲು ಸರ್ವರಿನ ತಪ್ಪೇ ಆಗಿರುವುದಿಲ್ಲ. ಪ್ರಶ್ನೆಯಲ್ಲಿ 'ಆರ್ಡರ್ ಬೈ' ಇಲ್ಲದಿದ್ದರೆ ಸರ್ವರು ಸಾಲುಗಳನ್ನು ಯಾವ ಕ್ರಮದಲ್ಲಾದರೂ ಕೊಡಬಹುದು. ತೊಂಬತ್ತೊಂಬತ್ತು ಸಲ ಒಂದೇ ಕ್ರಮದಲ್ಲಿ ಕೊಟ್ಟು ನೂರನೇ ಸಲ ಬೇರೆ ಕೊಟ್ಟರೆ ಅದು ಸುಳ್ಳು ಹೇಳಿದಂತಲ್ಲ. ಕೆಲವೊಮ್ಮೆ ಹಿನ್ನೆಲೆಯಲ್ಲಿ ಓಡುವ ಆಟೊವ್ಯಾಕ್ಯೂಮ್ ಸರಿಯಾಗಿ ಆ ಹೊತ್ತಿಗೇ ಬಂದು ಟೇಬಲಿನ ಅಂಕಿಅಂಶ ಬದಲಿಸಿರುತ್ತದೆ, ಅದನ್ನು ನೋಡಿ, ಉತ್ತರ ಹುಡುಕುವ ದಾರಿ ಆರಿಸುವ ಪ್ಲಾನರ್ ಬೇರೆ ದಾರಿ ಹಿಡಿದಿರುತ್ತದೆ. ಇವನ್ನೆಲ್ಲ ತಿಳಿದವನೇ 'ಅಯ್ಯೋ ಇದು ಅದೇ ಕಣ್ರೀ' ಎಂದು ಕೈ ಒದರುವುದು ಹೆಚ್ಚು. ಹೊಸಬನಾದರೆ ಹೆದರಿಕೊಂಡಾದರೂ ನೋಡುತ್ತಾನೆ.

ಮೂಲ ಯೋಜನೆಯವರು ಈ ವಿಷಯದಲ್ಲಿ ನಮಗಿಂತ ಶಿಸ್ತಿನವರು. ಆಂಡ್ರ್ಯೂ ಡನ್‌ಸ್ಟನ್ 2004ರಲ್ಲಿ ಶುರುಮಾಡಿದ ಬಿಲ್ಡ್‌ಫಾರ್ಮ್ ಅವರಿಗಿದೆ. ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳಲ್ಲಿ ಹೊಸ ಕೋಡನ್ನು ಕಟ್ಟಿ, ಟೆಸ್ಟು ಓಡಿಸಿ, ಫಲಿತಾಂಶ ಕಳಿಸುತ್ತಿರುತ್ತಾರೆ. ಆ ಯಂತ್ರಗಳಿಗೆಲ್ಲ ಪ್ರಾಣಿಗಳ ಹೆಸರು. ಟಾಮ್ ಲೇನ್ ಎಂಬ ಹಿರಿಯ ಡೆವಲಪರ್ ಬಳಿ 'ಗೌರ್' ಅಂತ ಒಂದಿತ್ತು, ಅಂದರೆ ನಮ್ಮ ಬಂಡೀಪುರದ ಕಾಟಿ. ಎಚ್‌ಪಿಯವರ ಓಬೀರಾಯನ ಕಾಲದ ಪ್ರೊಸೆಸರಿನ ಯಂತ್ರ, ನಡೆಯುವುದು ಕಾಟಿಯಷ್ಟೇ ನಿಧಾನ. ಹಾಗೆ ನಿಧಾನವಾಗಿದ್ದರಿಂದಲೇ ಅದರ ಬೆಲೆ. ವೇಗದ ಯಂತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುವ ಸಂದು ನಿಧಾನದ ಯಂತ್ರದಲ್ಲಿ ಅಗಲವಾಗಿ ತೆರೆದುಕೊಂಡು, ಎರಡು ಪ್ರೊಸೆಸ್ಸುಗಳು ಒಂದನ್ನೊಂದು ಗುದ್ದುವುದು ಕಣ್ಣಿಗೆ ಬೀಳುತ್ತದೆ. ನಮ್ಮ ಆಫೀಸಿನಲ್ಲಿ ಎಲ್ಲ ಹೊಸ ಯಂತ್ರಗಳು. ಮೇಡಂ ಹಟ ಹಿಡಿದು ಗುಜರಿಗೆ ಹೋಗಬೇಕಿದ್ದ ಒಂದು ಡೆಸ್ಕ್‌ಟಾಪನ್ನು ಟೆಸ್ಟಿಗೆ ಉಳಿಸಿಕೊಂಡಿದ್ದರು.

ನನ್ನ ಓದೆಲ್ಲ ರೈಲಿನಲ್ಲೇ. ಚನ್ನಪಟ್ಟಣದಲ್ಲಿ ಪುಶ್‌ಪುಲ್ ಹತ್ತಿದರೆ ರಾಮನಗರದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿನ ಮಾತು ಡಬ್ಬಿ ತುಂಬುವುದು, ಬಿಡದಿಯಲ್ಲಿ ಫ್ಯಾಕ್ಟರಿಯವರು ಇಳಿದರೆ ಸ್ವಲ್ಪ ಉಸಿರಾಡಲು ಜಾಗ, ಕೆಂಗೇರಿಯ ಹೊತ್ತಿಗೆ ಮತ್ತೆ ಭರ್ತಿ. ರಾಮನಗರದಿಂದ ಮೈಸೂರಿನ ಕಡೆಗೆ ಒಂಟಿ ಹಳಿ ಇದ್ದ ಕಾಲದಲ್ಲಿ ಕ್ರಾಸಿಂಗಿಗೆ ಅಂತ ನಿಲ್ಲಿಸಿದರೆ ಒಂದು ಸೋರ್ಸ್ ಫೈಲು ಪೂರ್ತಿ ಓದಬಹುದಿತ್ತು. ಪೋಸ್ಟ್‌ಗ್ರೆಸ್ ಕೋಡಿನಲ್ಲಿ ಕಾಮೆಂಟುಗಳು ಧಾರಾಳ, ಯಾಕೆ ಹೀಗೆ ಮಾಡಿದೆವು ಎಂದು ಪುಟಗಟ್ಟಲೆ ಬರೆದಿರುತ್ತಾರೆ. ಒಂದು ಸಾಲನ್ನು ಯಾವಾಗ, ಯಾರು, ಯಾವ ಕಾರಣಕ್ಕೆ ಸೇರಿಸಿದರು ಎಂದು ಹಿಂದಕ್ಕೆ ಹುಡುಕುತ್ತ ಹೋಗುವುದೂ ಒಂದು ಚಟ. 2010ರ ಸೆಪ್ಟೆಂಬರಿನಲ್ಲಿ ಅವರು ಕೋಡಿನ ಇತಿಹಾಸ ಇಡಲು ಬಳಸುತ್ತಿದ್ದ ಸಿವಿಎಸ್ ಬಿಟ್ಟು ಗಿಟ್‌ಗೆ ಬಂದಾಗ 1996ರವರೆಗಿನ ಇತಿಹಾಸವನ್ನೂ ಜೊತೆಗೆ ತಂದರು. ಆಮೇಲೆ ಆ ಚಟಕ್ಕೆ ರೈಲಿನ ಹೊತ್ತು ಸಾಲದಾಯಿತು.

2018ರಲ್ಲಿ ಮೇಡಂ ಮಾತಿಗೆ ನಿರೀಕ್ಷೆಯೇ ಇಲ್ಲದ ಕಡೆಯಿಂದ ಪುರಾವೆ ಬಂತು. ಸರ್ವರು ಡೇಟಾವನ್ನು ಡಿಸ್ಕಿಗೆ ಬರೆ ಅಂದಾಗ ಲಿನಕ್ಸು ಅದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. 'ನಿಜವಾಗಲೂ ಡಿಸ್ಕಿಗೆ ಹೋಯಿತಾ?' ಎಂದು ಕೇಳುವ ಕರೆಗೆ ಎಫ್‌ಸಿಂಕ್ ಅನ್ನುತ್ತಾರೆ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು 'ವಾಲ್' ಎಂಬ ಲಾಗಿಗೆ ಬರೆಯುತ್ತದೆ, ಅಂಗಡಿಯವನು ಗಡಿಬಿಡಿಯಲ್ಲಿ ಕಚ್ಚಾ ಪುಸ್ತಕಕ್ಕೆ ಬರೆದುಕೊಳ್ಳುವ ಹಾಗೆ. ಆಮೇಲೆ ಬಿಡುವಾದಾಗ ಪಕ್ಕಾ ಖಾತೆಗೆ ಏರಿಸಿ, ಎಫ್‌ಸಿಂಕ್ ಕರೆದು, 'ಹೋಯಿತು' ಎಂಬ ಉತ್ತರ ಬಂದ ಮೇಲೆ ಕಚ್ಚಾ ಪುಟಗಳನ್ನು ಬಿಸಾಡುತ್ತದೆ. 'ಹೋಗಲಿಲ್ಲ' ಎಂದು ಉತ್ತರ ಬಂದರೆ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿತ್ತು. ಎರಡನೇ ಸಲ 'ಹೋಯಿತು' ಎಂದರೆ ಸಮಾಧಾನ.

ಆ ವರ್ಷದ ಮಾರ್ಚ್ ಕೊನೆಯಲ್ಲಿ ಕ್ರೇಗ್ ರಿಂಗರ್ ಎಂಬ ಡೆವಲಪರ್ ತೋರಿಸಿಕೊಟ್ಟದ್ದು ಇಷ್ಟು. ಲಿನಕ್ಸಿನಲ್ಲಿ ಬರೆಯುವುದು ವಿಫಲವಾದರೆ ಅದರ ತಿರುಳಾದ ಕರ್ನಲ್ ಆ ತಪ್ಪನ್ನು ಒಂದು ಸಲ ಹೇಳಿ, ಬರೆಯದೇ ಉಳಿದ ಪುಟಗಳನ್ನು 'ಶುದ್ಧ' ಎಂದು ಗುರುತು ಹಾಕಿಬಿಡುತ್ತದೆ. ಎರಡನೇ ಸಲ ಕೇಳಿದಾಗ ಬರೆಯಲು ಬಾಕಿಯೇನೂ ಕಾಣದು, ಹಾಗಾಗಿ 'ಎಲ್ಲ ಸರಿ' ಎನ್ನುತ್ತದೆ. ಅದನ್ನು ನಂಬಿ ಪೋಸ್ಟ್‌ಗ್ರೆಸ್ ಕಚ್ಚಾ ಪುಟವನ್ನೂ ಹರಿದುಹಾಕುತ್ತಿತ್ತು. ಡೇಟಾ ಅಲ್ಲೂ ಇಲ್ಲ, ಇಲ್ಲೂ ಇಲ್ಲ, ಎರಡನೇ ಸಲ ಯಾವ ದೂರೂ ಇಲ್ಲ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಹೀಗೇ ನಡೆದಿತ್ತು. 2019ರ ಫೆಬ್ರವರಿ 14ರಂದು ಹೊರಬಂದ 11.2 ಮತ್ತು ಅದರ ಜೊತೆಯ ಹಳೆ ಆವೃತ್ತಿಗಳ ಬಿಡುಗಡೆಯಲ್ಲಿ ತಿದ್ದಿದರು. ಈಗ ಎಫ್‌ಸಿಂಕ್ ಒಂದು ಸಲ 'ಇಲ್ಲ' ಅಂದರೆ ಸರ್ವರು ಎರಡನೇ ಸಲ ಕೇಳುವುದೇ ಇಲ್ಲ. ತಕ್ಷಣ ತಾನೇ ಬಿದ್ದು, ಮತ್ತೆ ಎದ್ದು, ಕಚ್ಚಾ ಪುಸ್ತಕದಿಂದ ಎಲ್ಲವನ್ನೂ ಮತ್ತೆ ಬರೆಯುತ್ತದೆ.

ನಾವು ಟೀಮಿನಲ್ಲಿ ಕೂತು ಈ ಪ್ಯಾಚನ್ನು ಓದಿದ ದಿನ ಮೇಡಂ ಒಂದು ಮಾತೂ ಆಡಲಿಲ್ಲ. ಟೀ ಮಾತ್ರ ಎಲ್ಲರಿಗೂ ಅವರೇ ತರಿಸಿದರು.

ಆ ಗಲಾಟೆಯ ನಂತರ ಕರೆಂಟು ತೆಗೆದು ನೋಡುವ ಟೆಸ್ಟು ಬೇಕೇ ಬೇಕು ಎಂದು ಅವರು ಪಟ್ಟು ಹಿಡಿದರು. ಅಲ್ಲಿಯವರೆಗೆ ನಾವು ಮಾಡುತ್ತಿದ್ದುದು ಸರ್ವರ್ ಕೆಲಸದಲ್ಲಿದ್ದಾಗ 'ಕಿಲ್ ಮೈನಸ್ ನೈನ್' ಹೊಡೆದು ಬೀಳಿಸಿ, ಮತ್ತೆ ಎಬ್ಬಿಸಿ, ಎಲ್ಲ ಸಾಲು ಇವೆಯಾ ಎಂದು ಎಣಿಸುವುದು. ಅದರಲ್ಲಿ ಸಾಯುವುದು ಸರ್ವರ್ ಮಾತ್ರ. ಕರ್ನಲ್ ಬದುಕಿರುತ್ತದೆ, ಅದರ ಮೆಮೊರಿಯಲ್ಲಿದ್ದದ್ದೆಲ್ಲ ನಿಧಾನಕ್ಕೆ ಡಿಸ್ಕಿಗೆ ಹೋಗೇ ಹೋಗುತ್ತದೆ. ಎಫ್‌ಸಿಂಕ್ ಮರೆತ ಕೋಡು ಕೂಡ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಆದರೆ ಆಫೀಸಿನಲ್ಲಿ ಒಂದರ ಹಿಂದೆ ಒಂದು ಯುಪಿಎಸ್ಸು, ಕೆಳಗೆ ಜನರೇಟರು. ಯಂತ್ರದ ಪ್ಲಗ್ ಕೀಳಲು ಅನುಮತಿ ಕೇಳಿದರೆ ಫೆಸಿಲಿಟಿಯವರು ಕಕ್ಕಾಬಿಕ್ಕಿಯಾಗುತ್ತಿದ್ದರು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಗುಜರಿ ಡೆಸ್ಕ್‌ಟಾಪು ನನ್ನ ಜೊತೆ ಚನ್ನಪಟ್ಟಣಕ್ಕೆ ಬಂತು. ಹಜಾರದ ಮೂಲೆಯಲ್ಲಿ, ಬೇಕೆಂದೇ ಯುಪಿಎಸ್ ಇಲ್ಲದೆ, ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿ ಇಟ್ಟೆ. ನಮ್ಮ ಕಂಪನಿಯ ಪ್ಯಾಚೊಂದು ಈ ಸರ್ವರಿನ ಬದಲಾವಣೆಗಳನ್ನು ನಿಮಿಷಕ್ಕೊಂದು ಕಂತಿನಂತೆ ಬೇರೊಂದು ಸರ್ವರಿಗೆ ಕಳಿಸಿ, ಎಲ್ಲಿಯವರೆಗೆ ಕಳಿಸಿದೆ ಎಂದು ಒಂದು ಚಿಕ್ಕ ಫೈಲಿನಲ್ಲಿ ಗುರುತು ಇಡುತ್ತಿತ್ತು. ಆ ಬೇರೊಂದು ಸರ್ವರ್ ನನ್ನ ಲ್ಯಾಪ್‌ಟಾಪಿನಲ್ಲಿ, ಅದಕ್ಕೆ ಬ್ಯಾಟರಿ ಇತ್ತು. ಭರಣಿ ಮಳೆ ಶುರುವಾದ ಮೇಲೆ ನನ್ನ ಟೆಸ್ಟಿಗೆ ಹಬ್ಬ. ಗಾಳಿ ಎದ್ದರೆ ಸಾಕು, ಕರೆಂಟು ಹೋಗುವುದು, ಹಿಂದಿನ ಬೀದಿಯಲ್ಲಿ ಮಾವನ ಲೇತು ನಿಲ್ಲುವುದು, ಅವನ ಬೈಗುಳ ನಮ್ಮ ಹಿತ್ತಲಿಗೆ ಕೇಳುವುದು. ಕರೆಂಟು ಬಂದ ಮೇಲೆ ನಾನು ಎರಡೂ ಕಡೆಯ ಸಾಲುಗಳನ್ನು ಎಣಿಸುತ್ತಿದ್ದೆ. ಸರಿ ಇರುತ್ತಿತ್ತು. ಮತ್ತೆ ಹೋಗುವುದು, ಮತ್ತೆ ಸರಿ.

ಒಂದು ಸಂಜೆ ಸರಿ ಇರಲಿಲ್ಲ. ಕಳಿಸಿದ ಕಡೆಗಿಂತ ಪಡೆದ ಕಡೆ ಸಾಲು ಹೆಚ್ಚಿದ್ದವು. ಕೊನೆಯ ಒಂದು ಕಂತು ಎರಡೆರಡು ಸಲ ಹೋಗಿತ್ತು. ಆ ಪ್ಯಾಚು ಬರೆದವರಿಗೆ ಫೋನು ಮಾಡಿದರೆ, ಮನೆಯ ಕರೆಂಟು, ಹಳೆ ಡಿಸ್ಕು, ಇನ್ನೊಮ್ಮೆ ನೋಡಿ ಅಂದರು. ಆಮೇಲೆ ಎಷ್ಟೋ ಸಲ ಕರೆಂಟು ಹೋಯಿತು, ಎಲ್ಲ ಸಲವೂ ಲೆಕ್ಕ ಸರಿ. ಫೋಲ್ಡರ್ ಎತ್ತಿಟ್ಟಿದ್ದೆನಲ್ಲ, ಅದನ್ನೇ ಮೇಡಂಗೆ ಕಳಿಸಿದೆ. ಅವರು ಕನಕಪುರದಲ್ಲಿ, ನಾನು ಚನ್ನಪಟ್ಟಣದಲ್ಲಿ, ರಾತ್ರಿ ಹನ್ನೊಂದರವರೆಗೆ ಫೋನಿನಲ್ಲೇ ನೋಡಿದೆವು. ಗುರುತಿನ ಫೈಲಿನಲ್ಲಿ ಹಿಂದಿನ ಕಂತಿನ ಗುರುತೇ ಉಳಿದಿತ್ತು.

ಆ ಪ್ಯಾಚು ಗುರುತನ್ನು ಮೊದಲು ತಾತ್ಕಾಲಿಕ ಹೆಸರಿನ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗದಲ್ಲಿ ಕೂರಿಸುತ್ತಿತ್ತು. ಪುಸ್ತಕದಲ್ಲಿ ಹೇಳುವ ಕ್ರಮವೇ. ಆದರೆ ಹೆಸರು ಬದಲಾದದ್ದು ದಾಖಲಾಗುವುದು ಫೈಲಿನಲ್ಲಲ್ಲ, ಡೈರೆಕ್ಟರಿಯಲ್ಲಿ. ಡೈರೆಕ್ಟರಿಗೂ ಎಫ್‌ಸಿಂಕ್ ಕರೆಯಬೇಕು, ಅದನ್ನು ಕರೆದಿರಲಿಲ್ಲ. ಕರೆಯದಿದ್ದರೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನ ಪಾಡಿಗೆ ತಾನು 5 ಸೆಕೆಂಡಿಗೊಮ್ಮೆ ಬರೆದುಕೊಳ್ಳುತ್ತದೆ. ಅಂದರೆ ಪ್ರತಿ ನಿಮಿಷದ 60 ಸೆಕೆಂಡಿನಲ್ಲಿ ಹೆಚ್ಚೆಂದರೆ 5 ಸೆಕೆಂಡಿನ ಸಂದು. ಆ ಸಂದಿನೊಳಗೇ ಕರೆಂಟು ಹೋದರೆ ಮಾತ್ರ ಕಂತು ಎರಡು ಸಲ ಹೋಗುತ್ತದೆ. ಹಾಗಾಗಿಯೇ ಉಳಿದ ಸಲವೆಲ್ಲ ಲೆಕ್ಕ ಸರಿಯಿದ್ದದ್ದು. ಮರುದಿನ ಗಡಿಯಾರ ನೋಡಿಕೊಂಡು, ಕಂತು ಹೋದ ಮರುಸೆಕೆಂಡಿಗೇ ನಾನೇ ಪ್ಲಗ್ ಕಿತ್ತೆ. ಸಾಲು ಹೆಚ್ಚಾದವು. ಮತ್ತೆ ಕಿತ್ತೆ, ಮತ್ತೆ ಹೆಚ್ಚು. "ಅದೇನ್ ಪಾಪ ಮಾಡೈತೋ ಆ ಪೆಟ್ಗೆ" ಎಂದು ಅವ್ವ ಅಡುಗೆಮನೆಯಿಂದ ಗೊಣಗಿದಳು. ಪೋಸ್ಟ್‌ಗ್ರೆಸ್ಸಿನಲ್ಲಿ ಈ ಕೆಲಸಕ್ಕೆಂದೇ 2016ರಿಂದ 'ಡ್ಯೂರಬಲ್ ರಿನೇಮ್' ಎಂಬ ಫಂಕ್ಷನ್ ಇದೆ. ಪ್ಯಾಚಿನಲ್ಲಿ ಅದನ್ನು ಬಳಸಿದೊಡನೆ ಸಂದು ಮುಚ್ಚಿಹೋಯಿತು. ಅದೇ ಪ್ಯಾಚನ್ನು ಹಾಕಿಕೊಂಡಿದ್ದ ಗಿರಾಕಿಗಳಲ್ಲಿ ಹಣದ ಲೆಕ್ಕ ಇಡುವವರೂ ಇದ್ದರು.

ಕನ್ನಡದ ಟೆಸ್ಟುಗಳನ್ನು ಬರೆದದ್ದೂ ಅದೇ ಲಾಕ್‌ಡೌನಿನಲ್ಲಿ. ನಮ್ಮ ಟೆಸ್ಟು ಡೇಟಾದಲ್ಲಿ ಜರ್ಮನ್ ಇತ್ತು, ಟರ್ಕಿಯ ಚುಕ್ಕಿಯಿಲ್ಲದ 'ಐ' ಇತ್ತು, ಕನ್ನಡ ಇರಲಿಲ್ಲ. ನಮ್ಮ ರಾಮನಗರ ಜಿಲ್ಲೆಯ ಹೋಬಳಿಗಳ ಹೆಸರು ತುಂಬೋಣ ಎಂದು ಕೂತೆ: ಕೈಲಾಂಚ, ಬಿಡದಿ, ವಿರೂಪಾಕ್ಷಿಪುರ, ಕೋಡಿಹಳ್ಳಿ, ಸಾತನೂರು, ಉಯ್ಯಂಬಳ್ಳಿ, ಕುದೂರು, ತಿಪ್ಪಸಂದ್ರ. ಮೊದಲ ಪಾಠ ಕಸಬಾ ಹೋಬಳಿಯದು. ರಾಮನಗರಕ್ಕೊಂದು ಕಸಬಾ, ಚನ್ನಪಟ್ಟಣಕ್ಕೊಂದು, ಕನಕಪುರಕ್ಕೊಂದು, ಮಾಗಡಿಗೊಂದು. ಹೋಬಳಿಯ ಹೆಸರೊಂದನ್ನೇ ನಂಬಿ ಯೂನಿಕ್ ಕೀ ಮಾಡಿದರೆ ಎರಡನೇ ತಾಲ್ಲೂಕಿಗೇ ಸರ್ವರು ಬಾಗಿಲು ಹಾಕುತ್ತದೆ. ತಾಲ್ಲೂಕನ್ನೂ ಸೇರಿಸಿಯೇ ಕೀ ಮಾಡಬೇಕು.

ಸ್ವಾರಸ್ಯ ಇರುವುದು ಮೇಡಂ ಊರಿನ ಕಡೆಯ ಕೋಡಿಹಳ್ಳಿಯಲ್ಲಿ. ನಾವು ಓದುವುದು ನಾಲ್ಕು ಅಕ್ಷರ. ಯುನಿಕೋಡ್ ಎಣಿಸುವುದು 9, ಕಾಗುಣಿತದ ಗುರುತು, ವಿರಾಮ ಎಲ್ಲ ಬೇರೆ ಬೇರೆ. ಒಂದೊಂದಕ್ಕೂ 3 ಬೈಟು, ಒಟ್ಟು 27. ಆದರೆ 'ಕೋ'ದ ಓತ್ವವನ್ನು ಒಂದೇ ಗುರುತಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಬಾಲ ಎಂದು ಮೂರಾಗಿ ಬಿಡಿಸಿಯೂ ಇಡಬಹುದು. ಎರಡೂ ಒಂದೇ ಎಂದು ಯುನಿಕೋಡೇ ಹೇಳುತ್ತದೆ. ಬಿಡಿಸಿ ಇಟ್ಟರೆ ಎಣಿಕೆ 11, ಬೈಟು 33. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಪೋಸ್ಟ್‌ಗ್ರೆಸ್ ಮಾತ್ರ, ಬೇರೆ ಹೇಳದಿದ್ದರೆ, ಬೈಟುಗಳನ್ನು ನೋಡಿ 'ಇವು ಬೇರೆ ಬೇರೆ ಊರು' ಎನ್ನುತ್ತದೆ. ಕೈಲಾಂಚದ 'ಕೈ'ಗೂ ಇದೇ ಪಾಡು. 2019ರ 12ನೇ ಆವೃತ್ತಿಯಿಂದ ಎರಡನ್ನೂ ಸಮ ಎಂದು ನೋಡುವ ಕೊಲೇಷನ್ ಮಾಡಿಕೊಳ್ಳಬಹುದು. 2020ರ 13ನೆಯದರಲ್ಲಿ ಬಿಡಿಸಿದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುವ 'ನಾರ್ಮಲೈಸ್' ಬಂತು. ಎರಡು ಕೋಡಿಹಳ್ಳಿಗಳ ಆ ಟೆಸ್ಟನ್ನು ಬರೆದದ್ದು ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಕೆಲಸ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಡೇಟಾದ ಕಥೆ ಬೇರೆಯೇ ಇದೆ, ಅಲ್ಲಿ ಸರ್ವರಿಗೆ ಕಾಣುವುದು ಕನ್ನಡವೇ ಅಲ್ಲ. ಅದನ್ನು ಎತ್ತಿಕೊಂಡರೆ ಈ ಬರಹ ಮುಗಿಯುವುದಿಲ್ಲ.

ಪರದೆಯಲ್ಲಿ ಏನೂ ಕಾಣದೆ ಒಳಗೆ ಬದಲಾಗುವುದಕ್ಕೆ ಇನ್ನೊಂದು ಉದಾಹರಣೆ 2018ರ ಆಗಸ್ಟಿನದು. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳಿ ತಿಳಿಯುತ್ತದೆ. ಅದರ 2.28ನೇ ಆವೃತ್ತಿಯಲ್ಲಿ ಕ್ರಮದ ನಿಯಮಗಳೇ ಬದಲಾದವು. ಪರೀಕ್ಷಿಸಲು ಎಲ್ಲರೂ ಕೊಡುವ ಉದಾಹರಣೆ '11' ಮತ್ತು '1-1'. ಹಳೆಯದರಲ್ಲಿ 11 ಮೊದಲು, ಹೊಸದರಲ್ಲಿ 1-1 ಮೊದಲು. ಇಂಡೆಕ್ಸು ಹಳೆ ಕ್ರಮದಲ್ಲಿ ಕಟ್ಟಿದ್ದು, ಹುಡುಕುವವನು ಹೊಸ ಕ್ರಮ ನಂಬಿ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗುತ್ತಾನೆ. ಸಾಲು ಟೇಬಲಿನಲ್ಲಿದೆ, ಹುಡುಕಿದರೆ ಇಲ್ಲ ಅನ್ನುತ್ತದೆ. ಯೂನಿಕ್ ಎಂದು ಕಟ್ಟಿದ ಇಂಡೆಕ್ಸಿನಲ್ಲೂ ಒಂದೇ ಕೀ ಎರಡು ಸಲ ನುಸುಳಬಹುದು. ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ ಪಾಪಕ್ಕೆ ಡೇಟಾಬೇಸಿಗೆ ಶಿಕ್ಷೆ. ಇಂಡೆಕ್ಸಿನ ಕ್ರಮ ನೋಡುವ 'ಆಮ್‌ಚೆಕ್' ಓಡಿಸಿ, ಕೆಟ್ಟಿದ್ದರೆ ಮತ್ತೆ ಕಟ್ಟಬೇಕು.

ನನ್ನ ಹೆಂಡತಿಯ ಊರು ಮಾಗಡಿ ತಾಲ್ಲೂಕಿನಲ್ಲಿ. ಅಲ್ಲಿಗೆ ಹೋದಾಗ ಮಾವನವರು ಪಹಣಿ ಹಿಡಿದು ಕೂತಿದ್ದರೆ ನನಗೆ ಸರ್ವೆ ನಂಬರಿನ ಮೇಲೇ ಕಣ್ಣು ಹೋಗುವುದು. ಹಿಸ್ಸಾ ನಂಬರು ಸೇರಿದ ಸರ್ವೆ ನಂಬರು ಅಂದರೆ ಹೆಚ್ಚುಕಡಿಮೆ ಆ 11 ಮತ್ತು 1-1 ಜಗಳವೇ ಅಲ್ಲವೇ. ಭೂಮಿ ಯೋಜನೆ ಬಂದ ಹೊಸತರಲ್ಲಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ತಂದದ್ದನ್ನು ಅವರು ಈಗಲೂ ಹೇಳುತ್ತಾರೆ. "ಕೇಳಿದ್ ನಂಬರ್ದು ಕೇಳಿದಂಗೇ ಬಂತು ಅಳಿಯಂದಿರೇ, ಅದ್ಕೇ ನಂಬ್ಕೆ" ಎಂದರು ಒಮ್ಮೆ. ಗ್ರಾಮ ಲೆಕ್ಕಿಗರ ಕೈಬರಹದ ಕಾಲವನ್ನು ಕಂಡವರಿಗೆ ಅಷ್ಟು ಸಾಕು. ಅವರು ನಂಬಿದ್ದು ಸರ್ಕಾರವನ್ನೋ, ಕಂಪ್ಯೂಟರನ್ನೋ, ಯಾವುದೋ ಇಂಡೆಕ್ಸನ್ನೋ ಎಂದು ಕೇಳುವಷ್ಟು ಅಧಿಕಪ್ರಸಂಗ ನನಗಿರಲಿಲ್ಲ.

ಮೇಡಂ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೊಸ ಟೆಸ್ಟ್ ವ್ಯವಸ್ಥೆಯಲ್ಲಿ ಒಂದು ಗುಂಡಿ ಇದೆ: ಫೇಲಾದರೆ ತಾನೇ ಮತ್ತೆ ಓಡಿಸಿ, ಯಾವುದಾದರೂ ಒಂದು ಸಲ ಪಾಸಾದರೆ ಹಸಿರು ಬಣ್ಣ ತೋರಿಸು. ಟೀಮಿಗೆ ಬಂದ ಹುಡುಗನೊಬ್ಬ ಅದನ್ನು ಹಾಕೋಣ ಸರ್, ಎಲ್ಲ ಕಡೆ ಹಾಕಿರ್ತಾರೆ ಎಂದು ಬೆನ್ನು ಬಿದ್ದ. ಅವನ ಮಾತಿನಲ್ಲೂ ಹುರುಳಿತ್ತು. ದಿನ ಬೆಳಗಾದರೆ ಕೆಂಪು ನೋಡುತ್ತಿದ್ದವರು ಕೆಂಪಿಗೇ ಒಗ್ಗಿಹೋಗುತ್ತಾರೆ, ಆಗ ನಿಜವಾದ ಕೆಂಪೂ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಒಪ್ಪಂದಕ್ಕೆ ಬಂದೆವು. ಮತ್ತೆ ಓಡಿಸಲಿ, ಆದರೆ ಮೊದಲ ಸಲದ ಲಾಗು, ಡೇಟಾ ಫೋಲ್ಡರು ಎರಡನ್ನೂ ಎತ್ತಿಟ್ಟು, ಯಾರಾದರೂ ಕಾರಣ ಬರೆದು ಮುಚ್ಚುವವರೆಗೂ ಒಂದು ಟಿಕೆಟ್ ತೆರೆದಿಡಲಿ. ಹಸಿರಾದರೂ ಟಿಕೆಟ್ ಮುಚ್ಚಬಾರದು. ಅವನೇ ಕೂತು ಆ ಸ್ಕ್ರಿಪ್ಟು ಬರೆದ, ನನಗಿಂತ ಚೆನ್ನಾಗಿ ಬರೆದ.

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹುಡುಗ ಮರುವಾರವೇ ಬಂದು, ನಮ್ಮ ಹೋಬಳಿ ಟೆಸ್ಟಿನಲ್ಲಿ ಜಿಲ್ಲೆಯ ಹೆಸರು ಬದಲಿಸಲಾ ಎಂದ. ಬೇಡ ಎಂದೆ. ಟೆಸ್ಟಿನಲ್ಲಿರುವ ರಾಮನಗರ ಒಂದು ಬೈಟುಗಳ ಸಾಲು, ಅದಕ್ಕೂ ವಿಧಾನಸೌಧಕ್ಕೂ ಸಂಬಂಧವಿಲ್ಲ. ಬೇಕಾದರೆ ಹೊಸ ಹೆಸರಿನ ಇನ್ನೊಂದು ಸಾಲು ಸೇರಿಸು, ಖಾಲಿ ಜಾಗ, ಅನುಸ್ವಾರ, ಒತ್ತಕ್ಷರ ಮೂರೂ ಇರುವ ಒಳ್ಳೆಯ ಹೆಸರು ಎಂದೆ. ಸೇರಿಸಿದ. ಟೇಬಲಿನ ಉತ್ತರವನ್ನು ತೋರಿಸುವ ಪಿಎಸ್‌ಕ್ಯೂಎಲ್ ಅಂಕಣದ ಅಗಲವನ್ನು ಅತಿ ಉದ್ದದ ಹೆಸರಿಗೆ ಹೊಂದಿಸುತ್ತದೆ. ಒಂದು ಉದ್ದ ಹೆಸರು ಬಂದದ್ದೇ ತಡ, ಉಳಿದ ಎಲ್ಲ ಸಾಲುಗಳಲ್ಲೂ ಖಾಲಿ ಜಾಗ ಹೆಚ್ಚಾಗಿ, ಬರಬೇಕಾದ ಉತ್ತರದ ಫೈಲು ತುದಿಯಿಂದ ಬುಡದವರೆಗೆ ಬೇರೆಯಾಗಿ ಕಂಡಿತು. ಖಾಲಿ ಜಾಗ ಬಿಟ್ಟು ಹೋಲಿಸಿದರೆ ಒಂದೇ ಸಾಲು ಸರ್, ಕಾಪಿ ಮಾಡಿಬಿಡ್ಲಾ ಎಂದ. ಇಬ್ಬರೂ ಕೂತು ಒಂದೊಂದೇ ಸಾಲು ಬೆರಳಿಟ್ಟು ನೋಡಿದೆವು. ಎರಡನೇ ಕೋಡಿಹಳ್ಳಿಯ ಸಾಲಿನಲ್ಲಿ ಗೆರೆ ಅರ್ಧ ಅಕ್ಷರದಷ್ಟು ಆಚೆ ಸರಿದಂತೆ ಕಾಣುತ್ತಿತ್ತು. ಅದು ಪಿಎಸ್‌ಕ್ಯೂಎಲ್ ಅಗಲ ಎಣಿಸಿದ್ದರಲ್ಲಿನ ತಪ್ಪೋ, ನಮ್ಮ ಪರದೆಯ ಫಾಂಟಿನದೋ ಎಂದು ಇನ್ನೂ ತೀರ್ಮಾನವಾಗಿಲ್ಲ, ಟಿಕೆಟ್ ಅವನ ಹೆಸರಿನಲ್ಲಿ ತೆರೆದಿದೆ.